ಗೋಪುರದ ಗಂಟೆಗೆ ನಮ್ಮ ಹಾಡು ಕಲಿಸುವುದು ಹೇಗೆ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಕರಾವಳಿಯ ಒಂದು ಸಣ್ಣ ಚರ್ಚ್. ಗೋಪುರದಲ್ಲಿ ಹಗ್ಗ ಎಳೆದು ಬಾರಿಸುವ ಹಳೆಯ ಕಂಚಿನ ಗಂಟೆ ಒಂದಿದೆ. ಕೆಲವು ವರ್ಷಗಳ ಹಿಂದೆ ದಾನಿಯೊಬ್ಬರು ಸ್ವಯಂಚಾಲಿತ ಗಂಟೆಯ ಯಂತ್ರ ಕೊಡಿಸಿದರು. ಅದು ಗೋಪುರದ ನಾಲ್ಕು ಹಾರ್ನ್‌ಗಳ ಮೂಲಕ ತಾಸು ಬಾರಿಸುತ್ತದೆ, ಮೂರು ಹೊತ್ತು ಆಮೊರಿಯ (ಮಾತೆ ಮರಿಯಮ್ಮನ ಪ್ರಾರ್ಥನೆಯ) ಗಂಟೆ ಹೊಡೆಯುತ್ತದೆ. ಒಳಗೆ ಮೊದಲೇ ತುಂಬಿಸಿಟ್ಟ ಕೆಲವು ಇಂಗ್ಲಿಷ್ ಭಕ್ತಿಗೀತೆಗಳ ರಾಗಗಳೂ ಇವೆ. ಈ ಸಲ ಮೊಂತಿ ಹಬ್ಬದ (ಮಾತೆ ಮರಿಯಮ್ಮನ ಜನ್ಮದಿನದ) ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆಯ ದಿನಗಳಲ್ಲಿ, ಮಕ್ಕಳು ಹೂ ಅರ್ಪಿಸುವಾಗ ಹಾಡುವ ನಮ್ಮ ಕೊಂಕಣಿ ಗೀತೆಯೇ ಗೋಪುರದಿಂದ ಕೇಳಬೇಕೆಂಬುದು ಎಲ್ಲರ ಆಸೆ. ಯುವಕರು ಹಾಡಿನ ಎಂಪಿ3 ಕಡತವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಜೋಡಿಸಿದರೆ, ಯಂತ್ರ ‘ಹಾಡು ಇಲ್ಲ’ ಎನ್ನುತ್ತದೆ. ಏನು ಮಾಡಬೇಕು?

ಉತ್ತರ: ನಿಮ್ಮ ಯಂತ್ರ ಬಹುಶಃ ಕೆಟ್ಟಿಲ್ಲ. ಅದು ಹುಡುಕುತ್ತಿರುವುದು ಸ್ವರಗಳ ಪಟ್ಟಿಯನ್ನು, ನೀವು ಕೊಟ್ಟಿರುವುದು ಧ್ವನಿಮುದ್ರಣವನ್ನು.

ಇಂತಹ ಯಂತ್ರಗಳಲ್ಲಿ ಹೆಚ್ಚಿನವು ಮಿಡಿ ಎಂಬ ಬಗೆಯ ಕಡತವನ್ನು ಓದುತ್ತವೆ. ಯಕ್ಷಗಾನದ ಪ್ರಸಂಗ ಪುಸ್ತಕವನ್ನು ನೆನಪಿಸಿಕೊಳ್ಳಿ. ಅದರಲ್ಲಿ ಪದ್ಯವಿದೆ, ರಾಗದ ಹೆಸರಿದೆ, ತಾಳದ ಹೆಸರಿದೆ. ಭಾಗವತರ ಧ್ವನಿ ಮಾತ್ರ ಇಲ್ಲ. ಮಿಡಿ ಕಡತವೂ ಹಾಗೆಯೇ. ಯಾವ ಸ್ವರ, ಯಾವ ಕ್ಷಣದಲ್ಲಿ, ಎಷ್ಟು ಬಲವಾಗಿ ಎಂಬಷ್ಟನ್ನೇ ಅದು ಹೇಳುತ್ತದೆ. ಗಂಟೆಯ ನಾದ ಯಂತ್ರದೊಳಗೇ ಇರುತ್ತದೆ. ಪಟ್ಟಿಯನ್ನು ಓದುತ್ತಾ ಅದು ತನ್ನ ಗಂಟೆಗಳನ್ನು ಒಂದೊಂದಾಗಿ ನುಡಿಸುತ್ತದೆ. ಹಾಡುಗಾರರು, ಕೀಬೋರ್ಡ್, ವಯಲಿನ್ ಎಲ್ಲ ಸೇರಿದ ಎಂಪಿ3 ಅದಕ್ಕೆ ಅರ್ಥವೇ ಆಗದು.

ಆದರೂ ಮೊದಲು ನಿಮ್ಮ ಯಂತ್ರ ಯಾವ ಜಾತಿಯದು ಎಂದು ಖಚಿತಪಡಿಸಿಕೊಳ್ಳಿ. ಹಿಂಬದಿಯಲ್ಲಿ ಐದು ರಂಧ್ರಗಳ ದುಂಡು ಸಾಕೆಟ್ ಇದ್ದರೆ, ಅಥವಾ ಕೈಪಿಡಿಯಲ್ಲಿ ಮಿಡಿ ಎಂಬ ಮಾತಿದ್ದರೆ, ನಿಮ್ಮ ಕೆಲಸ ಸುಲಭ. ಕೆಲವು ಅಗ್ಗದ ಯಂತ್ರಗಳು ನಿಜಕ್ಕೂ ಟೈಮರ್ ಕಟ್ಟಿದ ಎಂಪಿ3 ಪೆಟ್ಟಿಗೆಗಳು; ನಿಮ್ಮದು ಆ ಜಾತಿಯದಾಗಿದ್ದರೆ ಕಡತ ಕಾಣದಿರಲು ಪೆನ್‌ಡ್ರೈವ್ ಕಾರಣವಿರಬಹುದು. ಮೂರನೆಯ ಜಾತಿ ಪೂರ್ತಿ ಮುಚ್ಚಿದ ಯಂತ್ರ. ಅದರ ರಾಗಗಳೆಲ್ಲ ಚಿಪ್‌ನಲ್ಲಿ ಬರೆದುಕೊಂಡಿದ್ದು, ಹೊಸದನ್ನು ತಯಾರಕರೇ ಸೇರಿಸಬೇಕಾಗುತ್ತದೆ. ಅದನ್ನು ಬಿಚ್ಚಿ ತಿದ್ದಲು ಹೋಗಬೇಡಿ. ಬೇರೊಂದು ಸಣ್ಣ ಪ್ಲೇಯರ್ ಇಟ್ಟು, ಆಂಪ್ಲಿಫೈಯರ್‌ಗೆ ಹೋಗುವ ತಂತಿಯ ನಡುವೆ ಒಂದು ರಿಲೇ (ತಾನಾಗಿ ದಾರಿ ಬದಲಿಸುವ ವಿದ್ಯುತ್ ಸ್ವಿಚ್) ಹಾಕಿಸಿ. ಆಮೊರಿಯ ಹೊತ್ತಿಗೆ ಮೂಲ ಯಂತ್ರಕ್ಕೇ ದಾರಿ ಸಿಗುವಂತೆ ಜೋಡಿಸಿದರೆ ಆಯಿತು. ಊರಿನ ಒಳ್ಳೆಯ ಸೌಂಡ್ಸ್‌ನವರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುವ ಕೆಲಸ ಅದು.

ಎಂಪಿ3 ನುಡಿಸುವ ಯಂತ್ರವೇ ಇದ್ದರೂ ಹಾಡಿನ ಧ್ವನಿಮುದ್ರಣವನ್ನು ಹಾಗೆಯೇ ಗೋಪುರದಿಂದ ಬಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಹಾರ್ನ್ ಎಂಬುದು ಮಾತನ್ನು ದೂರಕ್ಕೆ ತಲುಪಿಸಲು ಹುಟ್ಟಿದ ಸಾಧನ. ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ನಾದ ಅದರಲ್ಲಿ ಹೆಚ್ಚುಕಡಿಮೆ ಸತ್ತೇ ಹೋಗುತ್ತದೆ. ಗಾಯನ ಮಂಡಳಿಯ ತುಂಬುಕಂಠ ಅದರ ಮೂಲಕ ಹೊರಬಂದಾಗ ಪ್ರಚಾರದ ವಾಹನದ ಹಾಡಿನಂತೆ ಕೇಳಿಸುತ್ತದೆ, ಅಷ್ಟು ಪ್ರೀತಿಯಿಂದ ಹಾಡಿದವರಿಗೆ ಅದು ಅನ್ಯಾಯ. ಗಂಟೆಯ ನಾದಕ್ಕೆ ಆ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಅದರ ಗುರುತು ಇರುವುದು ಮೇಲಿನ ಸ್ವರಾಂಶಗಳಲ್ಲಿ, ಅವು ಹಾರ್ನ್‌ನಿಂದ ಚೆನ್ನಾಗಿಯೇ ಹೊರಡುತ್ತವೆ. ಮೇಲಾಗಿ ಪದಗಳಿಲ್ಲದ ರಾಗವನ್ನು ಗಂಟೆಯಲ್ಲಿ ಕೇಳಿದಾಗ, ಪದಗಳನ್ನು ಕೇಳುವವರೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾರೆ. ಗದ್ದೆಯ ಬದುವಿನಲ್ಲಿ ನಿಂತ ಹಿರಿಯರೊಬ್ಬರು ತುಟಿ ಅಲ್ಲಾಡಿಸುತ್ತಾ ನಿಲ್ಲುವುದನ್ನು ನಾನು ಕಂಡಿದ್ದೇನೆ. ಗೋಪುರದಿಂದ ಬರಬೇಕಾದದ್ದು ಅಂತಹ ರಾಗವೇ.

ಗಂಟೆಗೆ ರಾಗ ಕಲಿಸುವುದು ಹೊಸ ಹುಚ್ಚೂ ಅಲ್ಲ. ಬೆಲ್ಜಿಯಂ, ನೆದರ್ಲೆಂಡ್ಸ್‌ನ ಗೋಪುರಗಳಲ್ಲಿ ಶತಮಾನಗಳ ಹಿಂದೆಯೇ ಮೊಳೆ ಚುಚ್ಚಿದ ದೊಡ್ಡ ಉರುಳೆಗಳು ಗಡಿಯಾರದ ಬಲದಿಂದ ತಿರುಗಿ ಗಂಟೆಗಳ ಸುತ್ತಿಗೆಗಳನ್ನು ಎಳೆಯುತ್ತಿದ್ದವು. ರಾಗ ಬದಲಿಸಬೇಕೆಂದರೆ ಮೊಳೆಗಳನ್ನು ಕಿತ್ತು ಬೇರೆ ತೂತುಗಳಿಗೆ ಚುಚ್ಚಬೇಕಿತ್ತು. ಇಂದು ನೀವು ಮಾಡಲಿರುವ ಮಿಡಿ ಕಡತ ಆ ಮೊಳೆಯುರುಳೆಯ ಮೊಮ್ಮಗು. ನಮ್ಮ ಯಂತ್ರಗಳಲ್ಲಿ ಕಾಲು ಗಂಟೆಗೊಮ್ಮೆ ಕೇಳುವ ವೆಸ್ಟ್‌ಮಿನ್‌ಸ್ಟರ್ ರಾಗ 1793ರಲ್ಲಿ ಕೇಂಬ್ರಿಜ್‌ನ ಒಂದು ಚರ್ಚಿಗಾಗಿ ಹುಟ್ಟಿದ್ದು, ಲಂಡನ್ನಿನ ಬಿಗ್ ಬೆನ್ ಅದನ್ನು ಆಮೇಲೆ ಎತ್ತಿಕೊಂಡಿತು. ಮುಂಬಯಿಯ ರಾಜಾಬಾಯಿ ಗೋಪುರ 1878ರಲ್ಲಿ ಪೂರ್ತಿಯಾಯಿತು; ಒಂದು ಕಾಲದಲ್ಲಿ ಅದು 16 ರಾಗಗಳನ್ನು ನುಡಿಸುತ್ತಿತ್ತು, ದಿನಕ್ಕೆ ನಾಲ್ಕು ಸಲ ರಾಗ ಬದಲಾಗುತ್ತಿತ್ತು. ಅಲ್ಲಿ ಬ್ರಿಟಿಷ್ ರಾಜಗೀತೆ ಮೊಳಗಿದ್ದರೆ, ಇಲ್ಲಿ ನಿಮ್ಮ ಗೋಪುರದಲ್ಲಿ ಮಕ್ಕಳ ಹೂವಿನ ಹಾಡು ಮೊಳಗಬಾರದೇಕೆ?

ಇನ್ನು ಕೆಲಸಕ್ಕೆ ಬರೋಣ. ನಿಮ್ಮ ಗಾಯನ ಮಂಡಳಿಯ ಕೀಬೋರ್ಡ್ ನುಡಿಸುವವರನ್ನು ಕೂರಿಸಿಕೊಳ್ಳಿ. ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ರಾಗವನ್ನು ಸ್ವರಲಿಪಿಯಾಗಿ ಬರೆದು ಮಿಡಿಯಾಗಿ ಹೊರತೆಗೆಯಬಹುದು. ಕೀಬೋರ್ಡಿನಲ್ಲಿ ನುಡಿಸಿಯೇ ದಾಖಲಿಸುವುದೂ ಆಗುತ್ತದೆ, ಆದರೆ ನಾನು ಬರೆಯುವುದನ್ನೇ ಮೆಚ್ಚುತ್ತೇನೆ. ಬೆರಳಿನ ಅಭ್ಯಾಸ ಬೇಡದ ಸ್ವರಗಳನ್ನು ಸೇರಿಸಿಬಿಡುತ್ತದೆ. ಗಂಟೆಯ ವಿಷಯದಲ್ಲಿ ಬೇಡದ್ದನ್ನು ಬಿಡುವುದರಲ್ಲೇ ಕಲೆ ಇದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಬಹಳ ಹಿಂದೆ ಒಂದು ಚರ್ಚಿನಲ್ಲಿ ಕೀಬೋರ್ಡ್ ಕಲಾವಿದರು ಕೊಟ್ಟ ಪೂರ್ತಿ ಕಡತವನ್ನು, ಎಡಗೈಯ ಸ್ವರಗುಚ್ಛಗಳ ಸಮೇತ, ಯಂತ್ರಕ್ಕೆ ಹಾಕಿದೆ. ಕೋಣೆಯ ಸ್ಪೀಕರಿನಲ್ಲಿ ಸೊಗಸಾಗಿ ಕೇಳಿಸಿತ್ತು. ಗೋಪುರದಿಂದ ಹೊರಬಂದದ್ದು ಪಾತ್ರೆ ಅಂಗಡಿಗೆ ಗಾಳಿ ನುಗ್ಗಿದಂತಹ ಸದ್ದು. ಯಾವ ಹಾಡೆಂದು ಹಾಡು ಕಟ್ಟಿದವರಿಗೂ ತಿಳಿಯಲಿಲ್ಲ. ಕಾರಣ ಗಂಟೆಯ ಸ್ವಭಾವದಲ್ಲೇ ಇದೆ. ಹಾರ್ಮೋನಿಯಂನಲ್ಲಿ ಬೆರಳು ತೆಗೆದರೆ ಸ್ವರ ನಿಲ್ಲುತ್ತದೆ. ಗಂಟೆಯಲ್ಲಿ ಹೊಡೆದ ಸ್ವರ ತಾನಾಗಿ ಸಾಯುವವರೆಗೂ ಉಳಿಯುತ್ತದೆ, ಮುಂದಿನ ನಾಲ್ಕಾರು ಸ್ವರಗಳು ಅದರ ಮೇಲೇ ಬಂದು ಬೀಳುತ್ತವೆ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಎರಕದ ಗಂಟೆಯಲ್ಲಿ ಒಂದೇ ಸ್ವರ ಇರುವುದಿಲ್ಲ. ಷಡ್ಜ ಎಂದು ಕೇಳುವ ಗಂಟೆಯೊಳಗೆ ಒಂದು ಸ್ಥಾಯಿ ಕೆಳಗಿನ ಗುಂಗು, ಮೇಲೆ ಪಂಚಮ, ಅದಕ್ಕೂ ಮೇಲೆ ತಾರ ಷಡ್ಜ ಇರುತ್ತವೆ. ಜೊತೆಗೆ ಸ್ಪಷ್ಟವಾಗಿ ಕೇಳುವ ಒಂದು ಸಾಧಾರಣ ಗಾಂಧಾರ, ಅಂದರೆ ಕೋಮಲ ಗಾಂಧಾರ. ಗಂಟೆಯ ನಾದದಲ್ಲಿ ಯಾವಾಗಲೂ ಒಂದು ಸಣ್ಣ ವಿಷಾದದ ಎಳೆ ಇರುವುದು ಈ ಗಾಂಧಾರದಿಂದ. ಈ ಅಂಶಗಳನ್ನು ಕಿವಿಯಿಂದ ಬಿಡಿಸಿ ಗುರುತಿಸಿದವರು ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ಅಂಧ ಗಂಟೆವಾದಕ ಯಾಕೊಬ್ ವಾನ್ ಐಕ್. ಅವರ ನೆರವಿನಿಂದ ಗಂಟೆ ಎರಕದ ಹೆಮೊನಿ ಸಹೋದರರು 1644ರಲ್ಲಿ ಜುಟ್ಫೆನ್ ಪಟ್ಟಣಕ್ಕೆ ಶ್ರುತಿಶುದ್ಧವಾದ ಗಂಟೆಗಳ ಸಾಲನ್ನು ಎರಕ ಹೊಯ್ದರು. ಈಗ ನಮ್ಮ ಹಾಡಿನ ಕಡೆ ನೋಡಿ. ಕೊಂಕಣಿ ಗೀತೆಗಳನ್ನು ಎರಡು ಧ್ವನಿಗಳಲ್ಲಿ, ಮೂರನೆಯ ಸ್ವರದ ಅಂತರದಲ್ಲಿ ಜೋಡಿಯಾಗಿ ಹಾಡುವ ರೂಢಿ ಇದೆ. ಷಡ್ಜದ ಜೊತೆ ಅಂತರ ಗಾಂಧಾರ (ಅರ್ಧ ಸ್ವರ ಮೇಲಿನ ಗಾಂಧಾರ) ನುಡಿಸಿದಿರೋ, ಗಂಟೆಯೊಳಗಿನ ಸಾಧಾರಣ ಗಾಂಧಾರ ಅದರೊಡನೆ ಉಜ್ಜಾಡುತ್ತದೆ. ಕಂಠಕ್ಕೆ ಸಿಹಿಯಾದದ್ದು ಗಂಟೆಗೆ ಒಗರು.

ಆದ್ದರಿಂದ ಎರಡನೆಯ ಧ್ವನಿಯನ್ನು ಬಿಡಿ. ಒಂಟಿ ಎಳೆಯಲ್ಲೇ ರಾಗ ಬರಲಿ. ತೀರಾ ಬೋಳು ಎನಿಸಿದರೆ ಪ್ರತಿ ಸಾಲಿನ ಕೊನೆಯ ಸ್ವರಕ್ಕೆ ಕೆಳಗಿನ ಸ್ಥಾಯಿಯ ಅದೇ ಸ್ವರವನ್ನೋ ಪಂಚಮವನ್ನೋ ಮೆಲ್ಲಗೆ ಸೇರಿಸಿ. ಕೆಲವು ಯಂತ್ರಗಳಲ್ಲಿ ಕೈಗಂಟೆಯ ನಾದವೂ ಆಯ್ಕೆಗೆ ಸಿಗುತ್ತದೆ. ಇಂಗ್ಲಿಷ್ ಮಾದರಿಯ ಕೈಗಂಟೆಗಳ ಶ್ರುತಿ ಬೇರೆ ಬಗೆಯದು, ಅವುಗಳಲ್ಲಿ ಈ ಗಾಂಧಾರದ ತೊಡಕಿಲ್ಲ. ಜೋಡಿ ಧ್ವನಿ ಬೇಕೇ ಬೇಕೆಂದು ಗಾಯನ ಮಂಡಳಿ ಹಟ ಹಿಡಿದರೆ ಆ ನಾದವನ್ನು ಬಳಸಿ.

ಗಮಕ, ಜಾರು, ಎಳೆತ ಯಾವುದೂ ಗಂಟೆಗೆ ಬರುವುದಿಲ್ಲ. ಒಂದು ಉಚ್ಚಾರಕ್ಕೆ ಮೂರು ಸ್ವರಗಳನ್ನು ಜಾರಿಸಿ ಹಾಡುವ ಕಡೆ, ಜಾರಿ ಬಂದು ನಿಲ್ಲುವ ಸ್ವರವನ್ನು ಮಾತ್ರ ಇಟ್ಟುಕೊಳ್ಳಿ. ಸಾಲಿನ ಕೊನೆಯಲ್ಲಿ ಉಸಿರು ಹಿಡಿದು ನಿಲ್ಲಿಸುವ ಉದ್ದ ಸ್ವರವನ್ನು ಮತ್ತೆ ಮತ್ತೆ ಬಾರಿಸಬೇಡಿ. ಒಂದು ಸಲ ಹೊಡೆದು ಅದು ಕರಗುವವರೆಗೆ ಕಾಯಿರಿ. ಆ ಮೌನವೂ ಹಾಡಿನ ಭಾಗವೇ. ವೇಗ ನೀವು ಹಾಡುವುದಕ್ಕಿಂತ ನಿಧಾನವಾಗಿರಲಿ. ಮಗುವೊಂದು ಹೂಬುಟ್ಟಿ ಹಿಡಿದು ಮಾತೆಯ ಪ್ರತಿಮೆಯ ಕಡೆಗೆ ನಡೆಯುವ ಹೆಜ್ಜೆಗೆ ಒಂದು ಮಾತ್ರೆ ಎಂದುಕೊಂಡರೆ ಸರಿಯಾಗಿ ಕೂರುತ್ತದೆ. ಪಲ್ಲವಿ ಮತ್ತು ಒಂದು ಚರಣ ಸಾಕು, ಒಂದು ನಿಮಿಷ ಮೀರಬಾರದು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಆ ಹಳೆಯ ಕಂಚಿನ ಗಂಟೆ. ಅದನ್ನು ಮರೆಯಬೇಡಿ, ಅದೇ ನಿಮ್ಮ ಊರಿನ ಆಧಾರ ಶ್ರುತಿ. ಒಂದು ಸಂಜೆ ಅದನ್ನು ಒಮ್ಮೆ ಬಾರಿಸಿ, ತುಸು ದೂರ ನಿಂತು, ಮೊಬೈಲಿನ ಶ್ರುತಿ ನೋಡುವ ಆ್ಯಪ್‌ನಲ್ಲಿ ಯಾವ ಸ್ವರ ಎಂದು ಗುರುತಿಸಿ. ಆ್ಯಪ್ ಕೆಳಗಿನ ಗುಂಗನ್ನು ಹಿಡಿದು ಒಂದು ಸ್ಥಾಯಿ ತಪ್ಪು ತೋರಿಸಬಹುದು, ಆದ್ದರಿಂದ ಕೀಬೋರ್ಡಿನಲ್ಲಿ ನುಡಿಸಿ ಕಿವಿಯಿಂದಲೂ ತಾಳೆ ನೋಡಿ. ಆಮೇಲೆ ಹಾಡನ್ನು ಆ ಸ್ವರವೇ ಷಡ್ಜವೋ ಪಂಚಮವೋ ಆಗುವಂತೆ ಏರಿಸಿ ಅಥವಾ ಇಳಿಸಿ. ಹಳೆಯ ಗಂಟೆಗಳು ಹಲವು ಸಲ ಎರಡು ಸ್ವರಗಳ ನಡುವೆ ನಿಂತಿರುತ್ತವೆ. ಅಂತಹ ಸಂದರ್ಭಕ್ಕಾಗಿ ಅನೇಕ ಯಂತ್ರಗಳಲ್ಲಿ ಸೆಂಟ್ ಲೆಕ್ಕದ ಸೂಕ್ಷ್ಮ ಶ್ರುತಿಯ ಆಯ್ಕೆ ಇರುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್. ಹೀಗೆ ಹೊಂದಿಸಿದರೆ, ಹಬ್ಬದ ದಿನ ರಾಗ ಮುಗಿಯುವ ಹೊತ್ತಿಗೆ ಹಗ್ಗ ಎಳೆದಾಗ ಕಂಚಿನ ನಾದ ಹಾಡಿನ ಕೊನೆಯ ಸ್ವರವಾಗಿ ಬಂದು ಸೇರುತ್ತದೆ. ಯಂತ್ರವೂ ಮುತ್ತಜ್ಜಂದಿರ ಗಂಟೆಯೂ ಒಂದೇ ಹಾಡಿನಲ್ಲಿ ಕೂಡುವ ಆ ಕ್ಷಣಕ್ಕಾಗಿ ಒಂದು ಸಂಜೆ ಕಳೆಯುವುದು ಸಾರ್ಥಕ.

ಹಾಗೆಂದು ಆ ಕಂಚಿನ ಗಂಟೆಗೆ ವಿದ್ಯುತ್ ಸುತ್ತಿಗೆ ಜೋಡಿಸುವ ಯೋಚನೆ ಬಂದರೆ ಎಚ್ಚರ. ಹಗ್ಗದಿಂದ ತೂಗಾಡುವ ಗಂಟೆಗೆ ಅದೇ ಹೊತ್ತಿನಲ್ಲಿ ಹೊರಗಿನ ಸುತ್ತಿಗೆ ಬಡಿದರೆ, ಅಥವಾ ಹೊಡೆದ ಸುತ್ತಿಗೆ ಹಿಂದೆ ಸರಿಯದೆ ಗಂಟೆಗೆ ಒತ್ತಿಕೊಂಡರೆ, ಬಿರುಕು ಬಿಡುವ ಅಪಾಯವಿದೆ. ಬಿರುಕು ಬಿಟ್ಟ ಗಂಟೆಯ ನಾದ ಸುಲಭದಲ್ಲಿ ಮರಳುವುದಿಲ್ಲ.

ಕಡತದ ವಿಷಯದಲ್ಲಿ ಕೆಲವು ಸಣ್ಣ ಮಾತುಗಳು. ಮಿಡಿಯಲ್ಲಿ ಎಲ್ಲ ಸ್ವರಗಳನ್ನೂ ಒಂದೇ ಸಾಲಿನಲ್ಲಿಡುವ ಬಗೆ 0, ಬೇರೆ ಬೇರೆ ಸಾಲುಗಳಲ್ಲಿಡುವ ಬಗೆ 1 ಎಂದು ಇವೆ. ಯಂತ್ರಗಳಿಗೆ ಬಗೆ 0 ಹೆಚ್ಚು ಸುರಕ್ಷಿತ. ಎಲ್ಲವೂ ಒಂದನೆಯ ಚಾನೆಲ್‌ನಲ್ಲಿರಲಿ. ಮಧ್ಯದ ಸಿ ಸ್ವರದ ಸಂಖ್ಯೆ 60. ಒಬ್ಬ ತಯಾರಕರು ಅದನ್ನು ಸಿ3 ಎಂದರೆ ಇನ್ನೊಬ್ಬರು ಸಿ4 ಎನ್ನುತ್ತಾರೆ, ಹಾಗಾಗಿ ಹೆಸರನ್ನು ನಂಬದೆ ಸಂಖ್ಯೆಯನ್ನೇ ನೋಡಿ. ನಿಮ್ಮ ಯಂತ್ರದಲ್ಲಿ ಎಷ್ಟು ಗಂಟೆಗಳಿವೆ ಎಂಬುದು ಕೈಪಿಡಿಯಲ್ಲಿರುತ್ತದೆ, ಆ ಮಿತಿಯಾಚೆಯ ಸ್ವರ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಸ್ವರದ ಬಲ 0ಯಿಂದ 127ರವರೆಗೆ. ಎಲ್ಲವನ್ನೂ 127ಕ್ಕೆ ಏರಿಸಿದರೆ ಹಾಡಿನ ಉಸಿರೇ ಕಟ್ಟುತ್ತದೆ. ಸಾಲಿನ ಮೊದಲ ಸ್ವರ ತುಸು ಜೋರು, ಉಳಿದವು ತುಸು ಮೆಲ್ಲಗೆ. ಶುರುವಿನಲ್ಲಿ ಎರಡು ಸೆಕೆಂಡು ಖಾಲಿ ಬಿಡಿ. ಆಂಪ್ಲಿಫೈಯರ್ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಸ್ವರ ಕಳೆದುಹೋಗುವುದು ತೀರಾ ಸಾಮಾನ್ಯ. ಕಡತದ ಹೆಸರು ಚಿಕ್ಕದಾಗಿ, ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳಲ್ಲಿ, ನಡುವೆ ಜಾಗವಿಲ್ಲದೆ ಇರಲಿ. ಕನ್ನಡ ಹೆಸರಿಟ್ಟರೆ ಅನೇಕ ಯಂತ್ರಗಳಿಗೆ ಕಾಣುವುದೇ ಇಲ್ಲ. ಪೆನ್‌ಡ್ರೈವ್ ಫ್ಯಾಟ್32 ವಿಧಾನದಲ್ಲಿ ಸಿದ್ಧಪಡಿಸಿದ್ದು ಬೇಕು. ದೊಡ್ಡ ಪೆನ್‌ಡ್ರೈವ್‌ಗಳು ಬೇರೆ ವಿಧಾನದಲ್ಲಿ ಬರುತ್ತವೆ, ಆದ್ದರಿಂದ 8 ಅಥವಾ 16 ಜಿಬಿಯದೇ ಸಾಕು.

ನಿಮ್ಮದು ಎಂಪಿ3 ಪೆಟ್ಟಿಗೆಯೇ ಎಂದು ತಿಳಿದುಬಂದರೂ ಈ ಶ್ರಮ ವ್ಯರ್ಥವಾಗದು. ಇದೇ ಮಿಡಿಯನ್ನು ಕಂಪ್ಯೂಟರಿನಲ್ಲಿ ಗಂಟೆಯ ನಾದದಲ್ಲಿ ನುಡಿಸಿ ಧ್ವನಿಮುದ್ರಿಸಿಕೊಳ್ಳಿ. ಆಮೇಲೆ ಅಡಾಸಿಟಿಯಂತಹ ತಂತ್ರಾಂಶದಲ್ಲಿ ಒಂದೇ ಚಾನೆಲ್‌ಗೆ ಇಳಿಸಿ, 300 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿ ತೆಗೆಯಿರಿ. ಕೆಳಗಿನ ನಾದ ಹಾರ್ನ್‌ನಿಂದ ಕೇಳುವುದಂತೂ ಇಲ್ಲ, ಅದರ ಡ್ರೈವರನ್ನು ಸುಡುವ ಸಾಧ್ಯತೆ ಮಾತ್ರ ಇದೆ. ಕೊನೆಯ ಸ್ವರದ ಗುಂಗು ಪೂರ್ತಿ ಕರಗುವವರೆಗೆ ಬಾಲವನ್ನು ಕತ್ತರಿಸಬೇಡಿ.

ಈಗ ಯಾವಾಗ ನುಡಿಸಬೇಕು ಎಂಬ ಮಾತು. ಹೊಸ ರಾಗ ಸಿಕ್ಕಿದ ಉತ್ಸಾಹದಲ್ಲಿ ಪ್ರತಿ ತಾಸಿಗೂ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗಿನ ಒಂಬತ್ತು ದಿನವೂ ನೊವೆನಾ ಬಲಿಪೂಜೆಗೆ ಹತ್ತು ನಿಮಿಷ ಮೊದಲು ಒಂದು ಸಲ, 8ರಂದು ಹೊಸ ತೆನೆ ಹಂಚಿದ ಮೇಲೆ ಒಂದು ಸಲ, ಇಷ್ಟೇ ಸಾಕು. ವರ್ಷದ ಉಳಿದ ದಿನಗಳಲ್ಲಿ ಅದು ಕೇಳಿಸದೆ ಇದ್ದರೇ, ಮುಂದಿನ ಆಗಸ್ಟ್ 30ರಂದು ಅದು ಕೇಳಿದೊಡನೆ ಮಕ್ಕಳು ಹೂ ಕೊಯ್ಯಲು ಓಡುತ್ತಾರೆ.

ಗಂಟೆಗೆ ತನ್ನದೇ ಭಾಷೆಯಿದೆ ಎಂಬುದನ್ನು ಯುವಕರಿಗೆ ಹಿರಿಯರು ಹೇಳಿಕೊಡಬೇಕು. ಮೂರು, ಮೂರು, ಮೂರು, ಆಮೇಲೆ ಒಂಬತ್ತು ಎಂದರೆ ಆಮೊರಿ. ನಿಧಾನವಾದ ಒಂಟಿ ಹೊಡೆತ ಎಂದರೆ ಯಾರೋ ತೀರಿಕೊಂಡಿದ್ದಾರೆ. ನಿಮ್ಮ ರಾಗ ಕೆಳಸ್ಥಾಯಿಯ ಒಂಟಿ ಸ್ವರಗಳಿಂದ ನಿಧಾನವಾಗಿ ಶುರುವಾಗುವುದಾದರೆ, ಮೊದಲ ನಾಲ್ಕು ಸೆಕೆಂಡು ಊರಿನವರ ಎದೆ ಧಸಕ್ಕೆನ್ನುತ್ತದೆ. ಒಂದು ಸ್ಥಾಯಿ ಮೇಲಿನಿಂದ ಶುರುಮಾಡಿ. ಆಮೊರಿಯ ಹಿಂದೆ ಮುಂದೆ ಐದು ನಿಮಿಷ ಯಾವ ರಾಗವೂ ಬರದಂತೆ ವೇಳಾಪಟ್ಟಿ ಕಟ್ಟಿ. ಪವಿತ್ರ ಗುರುವಾರದ ಮಹಿಮಾ ಗೀತೆಯಿಂದ ಈಸ್ಟರ್ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯ ಮಹಿಮಾ ಗೀತೆಯವರೆಗೆ ಗಂಟೆಗಳು ಮೌನವಾಗಿರಬೇಕು. ಈಸ್ಟರ್ ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಓಡಾಡುವ ಹಬ್ಬವಾದ್ದರಿಂದ ನಿಮ್ಮ ಯಂತ್ರಕ್ಕೆ ಅದರ ಲೆಕ್ಕ ಬಾರದಿದ್ದರೆ, ಆ ದಿನಗಳಲ್ಲಿ ಕೈಯಿಂದಲೇ ನಿಲ್ಲಿಸುವ ಹೊಣೆಯನ್ನು ಒಬ್ಬರಿಗೆ ಹೆಸರಿಸಿ ಒಪ್ಪಿಸಿ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಹಾರ್ನ್ ಕಟ್ಟಿದ ಮೇಲೆ ಅದು ಧ್ವನಿವರ್ಧಕವೇ. 2000ದ ಶಬ್ದಮಾಲಿನ್ಯ ನಿಯಮಗಳು ಅನ್ವಯಿಸುತ್ತವೆ. ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾರ್ನ್ ಸುಮ್ಮನಿರಬೇಕು. ಜನವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ಪಕ್ಕದಲ್ಲಿ ಆಸ್ಪತ್ರೆಯೋ ಶಾಲೆಯೋ ಇದ್ದರೆ ಮಿತಿ ಇನ್ನೂ ಕಡಿಮೆ. ಯಂತ್ರದ ಅನುಮತಿ ಯಾರ ಹೆಸರಿನಲ್ಲಿದೆ, ನವೀಕರಣವಾಗಿದೆಯೇ ಎಂದು ಪಾಲನಾ ಮಂಡಳಿಯ ಕಡತದಲ್ಲಿ ನೋಡಿ. ಹಕ್ಕುಸ್ವಾಮ್ಯದ ಬಗ್ಗೆ: ನಮ್ಮ ದೇಶದಲ್ಲಿ ರಾಗ ಕಟ್ಟಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಧಾರ್ಮಿಕ ಬಳಕೆಗೆ ಕಾನೂನಿನಲ್ಲಿ ವಿನಾಯಿತಿಗಳಿವೆ. ಆದರೂ ರಾಗ ಕಟ್ಟಿದವರೋ ಅವರ ಮನೆಯವರೋ ಪಕ್ಕದ ಊರಿನಲ್ಲೇ ಇದ್ದರೆ, ಹೋಗಿ ಕೇಳಿ ಒಪ್ಪಿಗೆ ಪಡೆಯಿರಿ. ಮೊದಲ ದಿನ ಅವರನ್ನು ಗೋಪುರದ ಬುಡಕ್ಕೆ ಕರೆತನ್ನಿ.

ಹಬ್ಬ ಮಳೆಗಾಲದ ಕೊನೆಯಲ್ಲಿ ಬರುತ್ತದೆ, ಅದರ ಹಿಂದೆಯೇ ಗುಡುಗಿನ ಮಳೆ. ಯಂತ್ರಕ್ಕೆ ಯುಪಿಎಸ್, ಸಿಡಿಲಿನ ಹೊಡೆತ ತಡೆಯುವ ಸಾಧನ, ಒಳ್ಳೆಯ ಅರ್ಥಿಂಗ್ ಇವೆಯೇ ನೋಡಿ. ಹಾರ್ನ್‌ಗೆ ಹೋಗುವ ತಂತಿಯ ತುದಿಗಳು ಉಪ್ಪುಗಾಳಿಗೆ ಹಸಿರುಗಟ್ಟಿದ್ದರೆ ಉಜ್ಜಿ ಬಿಗಿಸಿ. ಹೊಸ ರಾಗ ಹಾಕುವ ಮೊದಲು ಈಗಿನ ವೇಳಾಪಟ್ಟಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಯಂತ್ರದಲ್ಲಿ ಅವಕಾಶವಿದ್ದರೆ ಪ್ರತಿಯನ್ನೂ ತೆಗೆದಿಡಿ.

ಪರೀಕ್ಷೆಯನ್ನು ಹಬ್ಬಕ್ಕೆ ಎರಡು ವಾರ ಮೊದಲೇ, ಹಗಲಿನಲ್ಲಿ, ಧರ್ಮಗುರುಗಳ ಒಪ್ಪಿಗೆ ಪಡೆದು ಮಾಡಿ. ಹಿಂದಿನ ಭಾನುವಾರ ಬಲಿಪೂಜೆಯ ಕೊನೆಯಲ್ಲಿ ತಿಳಿಸಿದರೆ ಯಾರೂ ಗಾಬರಿಯಾಗುವುದಿಲ್ಲ. ಗೋಪುರದ ಕೆಳಗೆ ನಿಂತು ಕೇಳಿದರೆ ಏನೂ ತಿಳಿಯದು, ಅಲ್ಲಿ ಎಲ್ಲವೂ ಜೋರು. ಒಬ್ಬೊಬ್ಬ ಗುರಿಕಾರರು (ವಾಳೆಯ ಮುಖಂಡರು) ತಮ್ಮ ತಮ್ಮ ವಾಳೆಯಲ್ಲಿ, ಅಂದರೆ ಚರ್ಚಿನ ವಾರ್ಡಿನಲ್ಲಿ, ಅತಿ ದೂರದ ಮನೆಯ ಅಂಗಳದಲ್ಲಿ ನಿಲ್ಲಲಿ. ಯಾವ ಹಾಡೆಂದು ಮೊದಲೇ ಹೇಳದೆ, ಆ ಮನೆಯ ಹಿರಿಯರೊಬ್ಬರನ್ನೂ ಒಂದು ಮಗುವನ್ನೂ ಕೇಳಲಿ. ಎರಡನೆಯ ಸಾಲು ಮುಗಿಯುವ ಮೊದಲು ಇಬ್ಬರೂ ಗುರುತಿಸಿದರೆ ಕಡತವನ್ನು ಹಾಗೆಯೇ ಇಟ್ಟುಕೊಳ್ಳಿ. ಗುರುತಿಸದಿದ್ದರೆ ಇನ್ನೂ ನಾಲ್ಕು ಸ್ವರ ತೆಗೆದು, ಇನ್ನೂ ಸ್ವಲ್ಪ ನಿಧಾನ ಮಾಡಿ, ಮರುದಿನ ಮತ್ತೆ ನುಡಿಸಿ ನೋಡಿ.